ಮೂರು ಗ್ರಂಥಾಲಯ, ಒಂದೇ ಸೂಚಿ: ಹದಿನಾಲ್ಕು ತಿಂಗಳ ಅನುಭವ

ಕಳೆದ ಭಾನುವಾರ ಬೆಳಗ್ಗೆ ನಮ್ಮ ಕೊನೆಯ ಪುಸ್ತಕಕ್ಕೆ ಬಾರ್‌ಕೋಡ್ ಚೀಟಿ ಅಂಟಿಸಿದೆವು. ಹನುಮಂತನಗರದಲ್ಲಿ ಸಂಘದ ಕಟ್ಟಡದ ಮಹಡಿಯ ಎರಡು ಕೋಣೆಗಳಲ್ಲಿರುವ ನಮ್ಮ ಗ್ರಂಥಾಲಯ, ಚಾಮರಾಜಪೇಟೆಯ ಒಂದು ಹಳೆಯ ವಾಚನಾಲಯ, ವಿಜಯನಗರದಲ್ಲಿ ಹೆಚ್ಚಾಗಿ ಮಕ್ಕಳೇ ಬರುವ ಒಂದು ಪುಟ್ಟ ಗ್ರಂಥಾಲಯ, ಈ ಮೂರೂ ಈಗ ‘ಕೋಹಾ’ ಎಂಬ ಒಂದೇ ಮುಕ್ತ ತಂತ್ರಾಂಶದಲ್ಲಿ ಇವೆ. ಒಂದು ಕಡೆ ಹುಡುಕಿದರೆ ಮೂರು ಕಡೆಯ ಪುಸ್ತಕಗಳೂ ಕಾಣುತ್ತವೆ. ಇಲ್ಲಿಗೆ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಐದಾರು ತಿಂಗಳನ್ನಾದರೂ ಉಳಿಸಬಹುದಿತ್ತು, ಯಾರಾದರೂ ಮೊದಲೇ ಹೇಳಿದ್ದರೆ. ಇದೇ ದಾರಿ ಹಿಡಿಯಲು ಹೊರಟವರಿಗಾಗಿ ಬರೆಯುತ್ತಿದ್ದೇನೆ.

ಇದಕ್ಕೆ ಮೊದಲ ಕಾರಣ ಒಬ್ಬ ಹಿರಿಯ ಓದುಗರು. ಮರುಮುದ್ರಣ ಕಾಣದ ಒಂದು ಪ್ರವಾಸ ಕಥನಕ್ಕಾಗಿ ಅವರು ಎರಡು ವರ್ಷ ನಮ್ಮನ್ನು ಕೇಳಿದರು. ಇಲ್ಲ, ಇಲ್ಲ ಎಂದೇ ಹೇಳುತ್ತ ಬಂದೆ. ಮುಂದೊಂದು ದಿನ ಬೇರೇನೋ ಕೆಲಸಕ್ಕೆ ಚಾಮರಾಜಪೇಟೆಯ ವಾಚನಾಲಯಕ್ಕೆ ಹೋದಾಗ ಅದೇ ಪುಸ್ತಕ ಕಪಾಟಿನ ಮೇಲಿನ ಸಾಲಿನಲ್ಲಿತ್ತು. ನಮ್ಮಿಂದ ಅಲ್ಲಿಗೆ ನಡೆದರೆ ಅರ್ಧ ಗಂಟೆಯ ದಾರಿ. ತಂದುಕೊಟ್ಟೆ. ಅಷ್ಟರಲ್ಲಿ ಅವರ ಕಣ್ಣು ಮಂಜಾಗಿತ್ತು. ಮೊಮ್ಮಗಳು ಓದಿ ಹೇಳಬೇಕಾಯಿತು. ಆ ಎರಡು ವರ್ಷ ನನ್ನನ್ನು ಬಹಳ ಕಾಡಿತು. ಓದುಗರ ಸಮಯ ಉಳಿಸಿ ಎನ್ನುವುದು ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು. ಅದನ್ನು ಹೇಳಿದ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಇದೇ ಬೆಂಗಳೂರಿನಲ್ಲಿ, ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಗಾಗಿ 1962ರಲ್ಲಿ ಕೇಂದ್ರ ಕಟ್ಟಿದ್ದೂ ಇಲ್ಲೇ.

ಕಳೆದ ವರ್ಷ ಯುಗಾದಿಯ ಮರುವಾರ ಮೂರೂ ಕಡೆಯವರು ನಮ್ಮ ಕೋಣೆಯಲ್ಲಿ ಸೇರಿದೆವು. ಚಾಮರಾಜಪೇಟೆಯಿಂದ ಬಂದವರು ಎಪ್ಪತ್ತೈದು ದಾಟಿದ ಹಿರಿಯರು. ಅವರನ್ನು ರಾಯರು ಎಂದೇ ಕರೆಯುತ್ತೇನೆ. ವಿಜಯನಗರದಿಂದ ಅಲ್ಲಿನ ಗ್ರಂಥಾಲಯ ನಡೆಸುವ ಮೇಡಂ. ಅಷ್ಟು ಹೊತ್ತಿಗೆ ಒಂದು ಖಾಸಗಿ ಸಂಸ್ಥೆಯಿಂದ ದರಪಟ್ಟಿ ತರಿಸಿದ್ದೆವು. ಮೂರು ಗ್ರಂಥಾಲಯಕ್ಕೆ ಒಂದೂ ಕಾಲು ಲಕ್ಷ, ಮೇಲೆ ವರ್ಷಕ್ಕೆ ನಲವತ್ತು ಸಾವಿರ ನಿರ್ವಹಣೆ. ನಮ್ಮ ವಾರ್ಷಿಕ ಸದಸ್ಯತ್ವ ಶುಲ್ಕವೆಲ್ಲ ಸೇರಿದರೂ ಆ ನಲವತ್ತು ಸಾವಿರ ಹುಟ್ಟುವುದಿಲ್ಲ. ಆಗ ಮೇಡಂ ಕೋಹಾದ ವಿಷಯ ತೆಗೆದರು. ನ್ಯೂಜಿಲೆಂಡಿನ ಹೊರೊಫೆನುವಾ ಎಂಬಲ್ಲಿನ ಗ್ರಂಥಾಲಯ ಟ್ರಸ್ಟ್‌ನ ಹಳೆಯ ತಂತ್ರಾಂಶ 2000ನೇ ಇಸವಿ ದಾಟುವಂತಿರಲಿಲ್ಲ. ಆದ್ದರಿಂದ 1999ರಲ್ಲಿ ಕಟಿಪೊ ಎಂಬ ಕಂಪನಿಯಿಂದ ಹೊಸದನ್ನು ಮಾಡಿಸಿಕೊಂಡು, 2000ದ ಜನವರಿ 3ರಂದು ಬಳಕೆಗೆ ತಂದು, ಯಾರು ಬೇಕಾದರೂ ಬಳಸಿ ಎಂದು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಕೋಹಾ ಎಂದರೆ ಮಾವೊರಿ ಭಾಷೆಯಲ್ಲಿ ಕಾಣಿಕೆ. ರಾಯರು ಆ ಅರ್ಥವನ್ನು ಎರಡು ಸಲ ಕೇಳಿ ತಿಳಿದುಕೊಂಡರು. “ಹಾಗಾದರೆ ನಾವೂ ಏನಾದರೂ ತಿರುಗಿ ಕೊಡಬೇಕಲ್ಲ ಮೇಡಂ” ಎಂದರು.

ಮೇಡಂ ಅವರ ಅಕ್ಕನ ಮಗ ಸಾಫ್ಟ್‌ವೇರ್ ಎಂಜಿನಿಯರ್. ಶನಿವಾರ, ಭಾನುವಾರ ಕುಳಿತು ಬಾಡಿಗೆ ಸರ್ವರ್ ಒಂದರಲ್ಲಿ ಕೋಹಾ ಹಾಕಿಕೊಟ್ಟರು. ಎರಡು ಜಿಬಿ ಸ್ಮೃತಿಯ ಸರ್ವರ್ ಏದುಸಿರು ಬಿಡುತ್ತಿತ್ತು. ನಾಲ್ಕು ಜಿಬಿಗೆ ಏರಿಸಿದ ಮೇಲೆ ಸರಿಹೋಯಿತು. ತಿಂಗಳಿಗೆ 1,100 ರೂಪಾಯಿ. ಒಂದೇ ಕೋಹಾದಲ್ಲಿ ಎಷ್ಟು ಗ್ರಂಥಾಲಯಗಳನ್ನು ಬೇಕಾದರೂ ಶಾಖೆಗಳಾಗಿ ಸೇರಿಸಬಹುದು. ಪರದೆಯ ಮೇಲೆ ನಮ್ಮ ಮೂವರ ಹೆಸರು ಒಂದರ ಕೆಳಗೊಂದು ಕಂಡಾಗ ಕೆಲಸ ಮುಗಿದೇ ಹೋಯಿತು ಎಂದು ಸಂತೋಷಪಟ್ಟೆ. ಆಗ ಮುಗಿದದ್ದು ಹದಿನಾಲ್ಕು ತಿಂಗಳಲ್ಲಿ ಎರಡು ದಿನದ ಕೆಲಸ.

ಮೊದಲ ಪೆಟ್ಟು ಬಿದ್ದದ್ದು ಶ್ರಾವಣದಲ್ಲಿ. ಆ ಹುಡುಗನಿಗೆ ಹೊರದೇಶದಲ್ಲಿ ಕೆಲಸ ಸಿಕ್ಕಿ ಆಷಾಢದಲ್ಲೇ ಹೊರಟಿದ್ದರು. ಸರ್ವರ್, ಜಾಲತಾಣದ ವಿಳಾಸ ಎರಡೂ ಅವರ ಹೆಸರಿನಲ್ಲಿ, ಅವರ ಕಾರ್ಡಿನಲ್ಲಿ, ಅವರ ಇಲ್ಲಿನ ಮೊಬೈಲ್ ಸಂಖ್ಯೆಯಲ್ಲಿ ಇದ್ದವು. ಕಾರ್ಡಿನ ಅವಧಿ ಮುಗಿದು ಹಣ ಕಟ್ಟಲಾಗದೆ ಸರ್ವರ್ ನಿಂತಿತು. ಒಟಿಪಿ ಹೋಗುವ ಸಿಮ್ ಬಳಕೆಯಲ್ಲಿರಲಿಲ್ಲ. ಅವರ ತಪ್ಪು ಇದರಲ್ಲಿ ಏನೂ ಇಲ್ಲ; ಬಿಡುವು ಮಾಡಿಕೊಂಡು ಉಚಿತವಾಗಿ ಮಾಡಿಕೊಟ್ಟವರು. ನಾವು ಕೇಳಬೇಕಿತ್ತು, ಕೇಳಲಿಲ್ಲ. ಹತ್ತೊಂಬತ್ತು ದಿನ ಏನೂ ತೆರೆಯಲಿಲ್ಲ. ಅಷ್ಟರೊಳಗೆ ಸರ್ವರಿನವರು ಎಲ್ಲವನ್ನೂ ಅಳಿಸಿಬಿಡುತ್ತಾರೇನೋ ಎಂಬ ಭಯದಲ್ಲಿ ಎಷ್ಟೋ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಎಲ್ಲವನ್ನೂ ನಮ್ಮ ಸಂಘದ ಹೆಸರಿಗೆ ವರ್ಗಾಯಿಸಿದೆವು. ನೋಂದಾಯಿತ ಸಂಘ ನಮ್ಮದು ಒಂದೇ. ನೋಂದಣಿ ಪತ್ರ, ಪ್ಯಾನ್ ಕಾರ್ಡ್, ಬ್ಯಾಂಕ್ ಖಾತೆ ಇದ್ದವು. ಆದರೆ ಸಂಘದ ಖಾತೆಯಿಂದ ಪ್ರತಿ ತಿಂಗಳು ತಾನಾಗಿ ಹಣ ಹೋಗಬೇಕಾದರೆ ಕಾರ್ಯಕಾರಿ ಸಮಿತಿಯ ಠರಾವು ಬೇಕು. ಸಮಿತಿ ಸೇರುವುದು ತಿಂಗಳಿಗೊಮ್ಮೆ. ಮೊದಲ ತಿಂಗಳು ಕೋರಂ ಆಗಲಿಲ್ಲ. ಎರಡನೆಯ ತಿಂಗಳು ಠರಾವು ಆಯಿತು, ಆದರೆ ಬ್ಯಾಂಕಿನವರು ಖಜಾಂಚಿಯ ಸಹಿ ಹಳೆಯ ಮಾದರಿಗೆ ಹೊಂದುವುದಿಲ್ಲ ಎಂದರು. ಮೂರನೆಯ ತಿಂಗಳು ಕೆಲಸ ಆಯಿತು; ಅಲ್ಲಿಯವರೆಗೆ ನಾನೇ ಕೈಯಿಂದ ಕಟ್ಟಿದೆ. ನೀವು ಹೊರಡುವವರಾದರೆ ತಂತ್ರಾಂಶ ಹಾಕುವ ಮೊದಲೇ ಸಂಘದ ಹೆಸರಿನಲ್ಲಿ ಒಂದು ಮಿಂಚಂಚೆ ವಿಳಾಸ ಮಾಡಿ, ಗ್ರಂಥಾಲಯದಲ್ಲೇ ಇರುವ ಒಂದು ಮೊಬೈಲ್ ಸಂಖ್ಯೆ ಕೊಡಿ, ಗುಪ್ತಪದಗಳನ್ನು ಕಾಗದದಲ್ಲಿ ಬರೆದು ಲಕೋಟೆಯಲ್ಲಿ ಹಾಕಿ ಬೀರುವಿನಲ್ಲಿಡಿ. ಠರಾವನ್ನೂ ಮೊದಲೇ ಮಾಡಿಸಿ.

ಇನ್ನು ಪುಸ್ತಕಗಳ ಪಟ್ಟಿ. ನಮ್ಮಲ್ಲಿ 6,200 ಪುಸ್ತಕ, ಎಲ್ಲವೂ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಎಕ್ಸೆಲ್‌ನಲ್ಲಿದ್ದವು. ವಿಜಯನಗರದ 3,400 ಯೂನಿಕೋಡ್‌ನಲ್ಲೇ, ಅಂದರೆ ಎಲ್ಲ ಗಣಕಗಳೂ ಓದಬಲ್ಲ ಇಂದಿನ ಅಕ್ಷರ ಸಂಕೇತದಲ್ಲೇ ಇದ್ದವು. ಚಾಮರಾಜಪೇಟೆಯ 9,000 ಪುಸ್ತಕ ಆರು ದಪ್ಪ ರಿಜಿಸ್ಟರ್‌ಗಳಲ್ಲಿ, ಕೈಬರಹದಲ್ಲಿ.

ನುಡಿಯಿಂದ ಯೂನಿಕೋಡ್‌ಗೆ ಪರಿವರ್ತಿಸುವ ಉಪಕರಣಗಳು ಉಚಿತವಾಗಿ ಸಿಗುತ್ತವೆ. ಒಂದು ಗಂಟೆಯಲ್ಲಿ 6,200 ಸಾಲು ಪರಿವರ್ತನೆಯಾಯಿತು. ಆದರೆ ಹಳೆಯ ಅಕ್ಷರಶೈಲಿಯಲ್ಲಿ ಅರ್ಕಾವತ್ತನ್ನು ವ್ಯಂಜನದ ನಂತರ ಒತ್ತುತ್ತಿದ್ದೆವು. ಯೂನಿಕೋಡ್‌ನಲ್ಲಿ ಅದು ಉಚ್ಚಾರದಂತೆ ಮೊದಲು ಬರಬೇಕು. ಪರಿವರ್ತಕ ಕೆಲವು ಕಡೆ ಇದನ್ನು ತಪ್ಪಿತು. ಕರ್ನಾಟಕ ‘ಕನಾರ್ಟಕ’ ಆಯಿತು, ಸೂರ್ಯ ‘ಸೂಯರ್’ ಆಯಿತು. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವಳು ನಾನು. ಆ ಪಟ್ಟಿ ನೋಡಿ ಹೊಟ್ಟೆ ಉರಿಯಿತು. ಒಂದೊಂದು ಸಾಲನ್ನೂ ಓದಿ ತಿದ್ದದೆ ಬೇರೆ ದಾರಿಯಿರಲಿಲ್ಲ. ನವರಾತ್ರಿಯ ರಜೆಯಲ್ಲಿ ಇಬ್ಬರು ಹಳೆಯ ವಿದ್ಯಾರ್ಥಿನಿಯರು ಜೊತೆಗೆ ಕುಳಿತರು. ತಿದ್ದಿದ್ದನ್ನು ಉಳಿಸುವಾಗ ಇನ್ನೊಂದು ಅಚಾತುರ್ಯ. ಎಕ್ಸೆಲ್‌ನಲ್ಲಿ ಸಾಮಾನ್ಯ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರಿ ಪಠ್ಯದ ಕಡತ) ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ‘ಸಿಎಸ್‌ವಿ ಯುಟಿಎಫ್-8’ ಎಂಬುದನ್ನೇ ಆರಿಸಬೇಕು. ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಇರುವ ಕಂಬಸಾಲನ್ನು ಮೊದಲೇ ‘ಪಠ್ಯ’ ಎಂದು ಗೊತ್ತುಮಾಡಿ, ಇಲ್ಲದಿದ್ದರೆ ಹದಿಮೂರು ಅಂಕಿಯ ಸಂಖ್ಯೆ ಘಾತರೂಪಕ್ಕೆ ತಿರುಗಿ ಕೊನೆಯ ಅಂಕಿಗಳು ಕಳೆದುಹೋಗಬಹುದು. ಮೂಲ ಕಡತದ ಒಂದು ಪ್ರತಿಯನ್ನು ಮುಟ್ಟದೆ ಇಟ್ಟದ್ದರಿಂದ ನಾವು ಬದುಕಿದೆವು.

ಸಿಎಸ್‌ವಿಯನ್ನು ಮಾರ್ಕ್ ಎಂಬ ಗ್ರಂಥಾಲಯ ದಾಖಲೆಯ ರೂಪಕ್ಕೆ ತರಲು ಮಾರ್ಕ್‌ಎಡಿಟ್ ಎಂಬ ಉಚಿತ ಉಪಕರಣವಿದೆ. ಮಾರ್ಕ್‌ನಲ್ಲಿ ಒಂದೊಂದು ವಿವರಕ್ಕೂ ಸಂಖ್ಯೆಯಿರುವ ಒಂದು ಜಾಗವಿದೆ; ಶೀರ್ಷಿಕೆ 245ಕ್ಕೆ, ಲೇಖಕರು 100ಕ್ಕೆ, ಪ್ರತಿಯ ವಿವರ 952ಕ್ಕೆ ಹೀಗೆ ಹೊಂದಿಸಬೇಕು. ಒಂದು ದಿನ ಕುಳಿತರೆ ಕೈಗೆ ಬರುತ್ತದೆ. ಇಂಗ್ಲಿಷ್ ಪುಸ್ತಕಗಳಿಗೆ ಅದೂ ಬೇಡ, ಝೆಡ್39.50 ಎಂಬ ವ್ಯವಸ್ಥೆಯಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ದಾಖಲೆಯನ್ನೇ ಇಳಿಸಿಕೊಳ್ಳಬಹುದು. ಕನ್ನಡ ಪುಸ್ತಕಗಳೂ ಅಲ್ಲಿ ಸಿಕ್ಕವು, ಆದರೆ ನಮಗೆ ಸಿಕ್ಕ ದಾಖಲೆಗಳಲ್ಲಿ ಹೆಸರುಗಳು ರೋಮನ್ ಲಿಪಿಯಲ್ಲಿದ್ದವು. ಕನ್ನಡ ಓದುಗರಿಗೆ ಅದರಿಂದ ಉಪಯೋಗವಿಲ್ಲವೆಂದು ಬಿಟ್ಟೆವು.

ದೀಪಾವಳಿಯ ಹೊತ್ತಿಗೆ ಮೊದಲು ನಮ್ಮ ಪಟ್ಟಿಯನ್ನು, ಆಮೇಲೆ ವಿಜಯನಗರದ್ದನ್ನು ಏರಿಸಿದೆವು. ವಿಜಯನಗರದ ಬಹುಪಾಲು ಪ್ರತಿಗಳು ಸೇರಲೇ ಇಲ್ಲ. ಕಾರಣ ಬಹಳ ಸರಳ. ಪ್ರತಿ ಗ್ರಂಥಾಲಯದ ಪರಿಗ್ರಹಣ ಸಂಖ್ಯೆಯೂ (ಪುಸ್ತಕ ಬಂದ ಕ್ರಮದಲ್ಲಿ ಕೊಡುವ ಸಂಖ್ಯೆ) ಒಂದರಿಂದಲೇ ಶುರು. ನಮ್ಮಲ್ಲೂ 342ನೇ ಪುಸ್ತಕವಿದೆ, ಅವರಲ್ಲೂ ಇದೆ, ರಾಯರಲ್ಲೂ ಇದೆ. ಕೋಹಾದಲ್ಲಿ ಒಂದು ಬಾರ್‌ಕೋಡ್ ಒಂದೇ ಪ್ರತಿಗೆ. ಸಂಖ್ಯೆಯ ಹಿಂದೆ ಗ್ರಂಥಾಲಯದ ಗುರುತು ಸೇರಿಸಿದೆವು: ನಮಗೆ ಎಚ್‌ಎನ್, ಚಾಮರಾಜಪೇಟೆಗೆ ಸಿಪಿ, ವಿಜಯನಗರಕ್ಕೆ ವಿಎನ್. ಕನ್ನಡ ಅಕ್ಷರವೇ ಇರಲಿ ಎಂದು ನಾನು ಹಟ ಹಿಡಿದಿದ್ದೆ. ಆದರೆ ಕೋಡ್ 39 ಎಂಬ ಬಾರ್‌ಕೋಡ್ ಪದ್ಧತಿಗೆ ರೋಮನ್ ದೊಡ್ಡಕ್ಷರ, ಅಂಕಿ, ಕೆಲವು ಚಿಹ್ನೆ ಬಿಟ್ಟರೆ ಬೇರೆ ತಿಳಿಯದು. ಸದಸ್ಯರ ಸಂಖ್ಯೆಗೂ ಇದೇ ಗುರುತು ಹಾಕಿ.

ಇಷ್ಟೆಲ್ಲ ಆದರೂ ಸೂಚಿ ಒಂದಾಗಿರಲಿಲ್ಲ. ಒಂದೇ ಪುಸ್ತಕ ಮೂರು ಕಡೆ ಇದ್ದರೆ ದಾಖಲೆ ಒಂದಾಗಿ, ಅದರ ಕೆಳಗೆ ಮೂರು ಪ್ರತಿ ಕಾಣಬೇಕು. ಹಳೆಯ ಕನ್ನಡ ಪುಸ್ತಕಗಳಿಗೆ ಐಎಸ್‌ಬಿಎನ್ ಇರುವುದಿಲ್ಲವಾದ್ದರಿಂದ ಶೀರ್ಷಿಕೆ ಮತ್ತು ಲೇಖಕರ ಹೆಸರು ನೋಡಿಯೇ ಹೊಂದಿಸಬೇಕು. ಹೆಸರುಗಳೋ ಮೂರು ಕಡೆ ಮೂರು ರೀತಿ. ನಮ್ಮಲ್ಲಿ ‘ಕುವೆಂಪು’, ರಾಯರ ರಿಜಿಸ್ಟರ್‌ನಲ್ಲಿ ‘ಪುಟ್ಟಪ್ಪ ಕೆ.ವಿ.’, ವಿಜಯನಗರದಲ್ಲಿ ‘ಕೆ. ವಿ. ಪುಟ್ಟಪ್ಪ (ಕುವೆಂಪು)’. ಚುಕ್ಕಿಯ ಮುಂದೆ ಒಂದು ತೆರಪು ಹೆಚ್ಚಾದರೂ ಯಂತ್ರಕ್ಕೆ ಅದು ಬೇರೆ ಮನುಷ್ಯ.

ಇಲ್ಲಿಂದ ನಾಲ್ಕು ತಿಂಗಳು ಪ್ರತಿ ಶನಿವಾರ ಮಧ್ಯಾಹ್ನ ಮೂವರೂ ಸೇರಿದೆವು, ಒಂದು ವಾರ ನಮ್ಮಲ್ಲಿ, ಒಂದು ವಾರ ಚಾಮರಾಜಪೇಟೆಯಲ್ಲಿ. ವಿಜಯನಗರದ ಸರದಿ ಬಂದಾಗ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸಿ ಹೋಗುತ್ತಿದ್ದೆವು. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ದಿನಗಳು ಅವು.

ರಾಯರ ವಾದವೆಂದರೆ, ಗ್ರಂಥಾಲಯದ ಕ್ರಮದಲ್ಲಿ ಕುಲನಾಮ ಮೊದಲು ಬರೆಯಬೇಕು, ಅವರು ಕಲಿತದ್ದು ಹಾಗೆ. ನನ್ನ ವಾದ: ನಮ್ಮಲ್ಲಿ ಎಲ್ಲರಿಗೂ ಕುಲನಾಮ ಎಲ್ಲಿದೆ? ಬೇಂದ್ರೆ ಮನೆತನದ ಹೆಸರು, ಸರಿ. ಪುಟ್ಟಪ್ಪ ಅವರದೇ ಹೆಸರು. ಮಾಸ್ತಿ ಊರಿನ ಹೆಸರು. ಮಾಸ್ತಿಯವರನ್ನು ‘ಅಯ್ಯಂಗಾರ್’ ಎಂದು ಅಕಾರದಲ್ಲಿ ಹುಡುಕುವ ಓದುಗರನ್ನು ನಾನು ಕಂಡಿಲ್ಲ. ಎರಡು ಶನಿವಾರ ಇದರಲ್ಲೇ ಹೋಯಿತು. ಮೂರನೆಯ ವಾರ ರಾಯರು ತಾವೇ ಹೇಳಿದರು, “ನಮ್ಮ ವಾಚನಾಲಯಕ್ಕೆ ಬರುವವರು ಬಾಯಲ್ಲಿ ಏನೆಂದು ಕೇಳುತ್ತಾರೋ ಅದನ್ನೇ ಮೊದಲು ಇಡೋಣ. ಮಿಕ್ಕದ್ದು ಹಿಂದೆ ಬರಲಿ.” ಅರವತ್ತು ವರ್ಷದ ರಿಜಿಸ್ಟರ್‌ನ ಕ್ರಮವನ್ನು ಬಿಟ್ಟುಕೊಡುವುದು ಅವರಿಗೆ ಸುಲಭವಾಗಿರಲಿಲ್ಲ ಎಂದು ಬಲ್ಲೆ.

ಮಿಕ್ಕದ್ದು ಹಿಂದೆ ಬರಲು ಕೋಹಾದಲ್ಲಿ ಒಳ್ಳೆಯ ಏರ್ಪಾಡಿದೆ. ಒಬ್ಬ ಲೇಖಕರಿಗೆ ಒಂದು ಅಧಿಕೃತ ದಾಖಲೆ ಮಾಡಿ, ಉಳಿದ ಹೆಸರುಗಳನ್ನೆಲ್ಲ ಅದರ ಕೆಳಗೆ ‘ಇದನ್ನು ನೋಡಿ’ ಎಂದು ಸೇರಿಸಬಹುದು. ‘ಶ್ರೀನಿವಾಸ’ ಎಂದು ಹುಡುಕಿದವರು ಮಾಸ್ತಿಯವರ ಕಥೆಗಳಿಗೂ, ‘ಅಂಬಿಕಾತನಯದತ್ತ’ ಎಂದವರು ಬೇಂದ್ರೆಯವರ ಕವಿತೆಗೂ ತಲುಪಬೇಕು. ಕನ್ನಡದಲ್ಲಿ ಕಾವ್ಯನಾಮವಿಲ್ಲದ ಲೇಖಕರೇ ಕಡಿಮೆ ಅಲ್ಲವೇ! ಒಂದು ಎಚ್ಚರಿಕೆ: ಈ ಹೆಸರುಗಳನ್ನು ಸೇರಿಸಿದ ಮಾತ್ರಕ್ಕೆ ಪುಸ್ತಕ ಹುಡುಕುವಾಗ ಅವು ಲೆಕ್ಕಕ್ಕೆ ಬರುವುದಿಲ್ಲ. ವ್ಯವಸ್ಥೆಯ ಆಯ್ಕೆಗಳಲ್ಲಿ ‘ಇನ್‌ಕ್ಲೂಡ್ ಸೀ ಫ್ರಮ್ ಇನ್ ಸರ್ಚಸ್’ ಎಂಬುದನ್ನು ಚಾಲೂ ಮಾಡಿ, ಹುಡುಕಾಟಕ್ಕೆಂದು ಕೋಹಾ ಇಟ್ಟುಕೊಳ್ಳುವ ಸೂಚ್ಯಂಕವನ್ನು ಮತ್ತೆ ಕಟ್ಟಬೇಕು. ಇದು ಗೊತ್ತಾಗದೆ ಮೂರು ವಾರ ಪರದಾಡಿದೆವು.

ಅದೇ ಸುಮಾರಿಗೆ ಕನ್ನಡದ ಹುಡುಕಾಟವೇ ಸರಿಯಾಗಿ ನಡೆಯುತ್ತಿಲ್ಲ ಎಂಬುದು ಕಣ್ಣಿಗೆ ಬಿತ್ತು. ಇರುವ ಪುಸ್ತಕವನ್ನೇ ಇಲ್ಲ ಎನ್ನುತ್ತಿತ್ತು. ಕೋಹಾದ ಒಳಗೆ ಜೀಬ್ರಾ ಎಂಬ ಹುಡುಕು ಯಂತ್ರವಿದೆ. ನಮ್ಮಲ್ಲಿ ಅದು ರೋಮನ್ ಲಿಪಿಗೆ ಹೊಂದಿದ ಕ್ರಮದಲ್ಲಿ ಕುಳಿತಿತ್ತು. ಅದನ್ನು ಐಸಿಯು ಎಂಬ ಯೂನಿಕೋಡ್ ಕ್ರಮಕ್ಕೆ ಬದಲಿಸಿದ ಮೇಲೆ ಮೊದಲ ಸಲ ‘ಕಾಡು’ ಎಂದು ಬೆರಳಚ್ಚಿಸಿದಾಗ ಕಾಡಿನ ಪುಸ್ತಕಗಳೆಲ್ಲ ಬಂದವು. ವಿದೇಶದಿಂದಲೇ ಆ ಹುಡುಗ ರಾತ್ರಿ ಎದ್ದು ಕುಳಿತು ಇದನ್ನು ಮಾಡಿಕೊಟ್ಟರು. ಯಾರಿಂದಾದರೂ ತಂತ್ರಾಂಶ ಹಾಕಿಸಿಕೊಳ್ಳುವಾಗ ಐಸಿಯು ಎಂಬ ಮೂರಕ್ಷರವನ್ನು ಮೊದಲ ದಿನವೇ ಹೇಳಿ. ಅಕ್ಷರಗಳನ್ನು ಕೂಡಿಸುವ, ಬಿಡಿಸುವ, ಕಣ್ಣಿಗೆ ಕಾಣದ ಜೋಡಕ, ವಿಭಜಕ ಚಿಹ್ನೆಗಳ ಬಗೆಗೂ ಒಂದು ನಿಯಮ ಬರೆದಿಟ್ಟುಕೊಳ್ಳಿ. ‘ರಾಜ್‌ಕುಮಾರ್’, ‘ರಾಜ್ಕುಮಾರ್’, ‘ರಾಜಕುಮಾರ್’ ಮೂರೂ ಬೇರೆ ಬೇರೆಯಾಗಿ ಕುಳಿತಿದ್ದವು. ನಮ್ಮ ನಿಯಮಗಳು ಒಂದು ಇನ್ನೂರು ಪುಟದ ನೋಟ್‌ಬುಕ್‌ನಲ್ಲಿವೆ. ಅದನ್ನು ಹೆಸರುಗಳ ವಹಿ ಎಂದು ಕರೆಯುತ್ತೇವೆ. 18,600 ಪ್ರತಿಗಳು ಕೊನೆಗೆ ಸುಮಾರು 13,900 ಶೀರ್ಷಿಕೆಗಳಾಗಿ ಒಗ್ಗೂಡಿದವು.

ಸದಸ್ಯರ ವಿಷಯದಲ್ಲಿ ನಾವು ಮೊದಲೇ ಮಾತಾಡಿಕೊಂಡದ್ದು ಒಳ್ಳೆಯದಾಯಿತು. ಎರವಲಿನ ಅವಧಿ, ಠೇವಣಿ, ದಂಡ ಎಲ್ಲವನ್ನೂ ಗ್ರಂಥಾಲಯವಾರು ಬೇರೆ ಇಡಬಹುದು. ಮಕ್ಕಳಿಗೆ ದಂಡವೇ ಬೇಡವೆಂದರು ಮೇಡಂ, ಹಾಗೇ ಆಯಿತು. ಆದರೆ ನಮ್ಮ ಓದುಗರ ಮನೆ ವಿಳಾಸ, ಫೋನ್ ಸಂಖ್ಯೆ ಇನ್ನೊಂದು ಗ್ರಂಥಾಲಯದ ಸಿಬ್ಬಂದಿಗೆ ಕಾಣುವುದು ಸರಿಯಲ್ಲ. ಗ್ರಂಥಾಲಯ ಗುಂಪುಗಳ ಹೊಂದಾಣಿಕೆಯಲ್ಲಿ ಅದನ್ನು ಮುಚ್ಚಿದ್ದೇವೆ. ಯಾರು ಏನು ಓದಿದರು ಎಂಬುದು ಅವರ ಸ್ವಂತ ವಿಷಯ. ಪುಸ್ತಕ ಕಳೆದರೆ ಯಾರ ಹೊಣೆ ಎಂಬುದಕ್ಕೆ ಒಂದು ಪುಟದ ಒಪ್ಪಂದ ಬರೆದು ಮೂವರೂ ಸಹಿ ಮಾಡಿದೆವು: ಎರವಲು ತರಿಸಿಕೊಂಡ ಗ್ರಂಥಾಲಯವೇ ಹೊಣೆ.

ಚೀಟಿಗಳ ಕೆಲಸ ಕೈಕೆಲಸ, ಹೇಳುವುದು ಹೆಚ್ಚೇನಿಲ್ಲ. ಹಾಳೆಗೆ 65 ಚೀಟಿಯ 300 ಹಾಳೆ ಅವೆನ್ಯೂ ರಸ್ತೆಯಲ್ಲಿ 2,400 ರೂಪಾಯಿಗೆ, ಸ್ಕ್ಯಾನರ್‌ಗಳು ಎಸ್.ಪಿ. ರಸ್ತೆಯಲ್ಲಿ ತಲಾ 1,900ಕ್ಕೆ ಸಿಕ್ಕವು. ಕೋಹಾದಿಂದಲೇ ಚೀಟಿ ಮುದ್ರಿಸಿದಾಗ ಕನ್ನಡದ ಒತ್ತು, ಕೊಂಬು ಬಿಡಿಬಿಡಿಯಾಗಿ ಬಂದವು. ಚೀಟಿಯಲ್ಲಿ ಬಾರ್‌ಕೋಡ್ ಮತ್ತು ಸಂಖ್ಯೆ ಮಾತ್ರ ಇಟ್ಟು, ಗ್ರಂಥಾಲಯದ ಹೆಸರಿಗೆ ಹಳೆಯ ರಬ್ಬರ್ ಮೊಹರನ್ನೇ ಒತ್ತಿದೆವು.

ಒಂದು ಮಾತ್ರ ಬಿಡಬೇಡಿ. ಕೋಹಾ ದಿನವೂ ತಾನಾಗಿ ಎಲ್ಲ ಮಾಹಿತಿಯ ಪ್ರತಿ ತೆಗೆದಿಡುತ್ತದೆ, ಆದರೆ ಅದೇ ಸರ್ವರ್‌ನಲ್ಲಿ. ಸರ್ವರ್ ಹೋದರೆ ಪ್ರತಿಯೂ ಹೋಗುತ್ತದೆ. ಶ್ರಾವಣದ ಆ ಹತ್ತೊಂಬತ್ತು ದಿನ ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಈಗ ವಾರಕ್ಕೊಮ್ಮೆ ಪ್ರತಿಯನ್ನು ಇಳಿಸಿ ಎರಡು ಡಿಸ್ಕ್‌ಗಳಲ್ಲಿ ಇಡುತ್ತೇವೆ, ಒಂದು ನಮ್ಮಲ್ಲಿ, ಒಂದು ರಾಯರ ಮನೆಯಲ್ಲಿ. ಏಪ್ರಿಲ್‌ನಲ್ಲಿ ಒಂದು ಹಳೆಯ ಕಂಪ್ಯೂಟರ್‌ಗೆ ಅದನ್ನು ಮರಳಿ ಹಾಕಿ, ಪುಸ್ತಕಗಳೆಲ್ಲ ಬರುತ್ತವೆಂದು ಕಣ್ಣಾರೆ ನೋಡಿದೆವು. ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಖರ್ಚಿನ ಲೆಕ್ಕ: ಸರ್ವರ್ ವರ್ಷಕ್ಕೆ 13,200, ಜಾಲತಾಣದ ವಿಳಾಸ 900, ಮೂರು ಸ್ಕ್ಯಾನರ್ 5,700, ಚೀಟಿ 2,400, ಮುದ್ರಕದ ಶಾಯಿ 1,800. ಒಟ್ಟು 24,000, ತಲಾ ಎಂಟು ಸಾವಿರ. ಇದಲ್ಲದೆ ಚಾಮರಾಜಪೇಟೆಯ ರಿಜಿಸ್ಟರ್‌ಗಳನ್ನು ಗಣಕಕ್ಕೆ ತುಂಬಿದ ವಿದ್ಯಾರ್ಥಿಗಳಿಗೆ ಪುಸ್ತಕಕ್ಕೆ ಮೂರು ರೂಪಾಯಿಯಂತೆ 27,000. ಇದನ್ನೂ ಹಂಚಿಕೊಳ್ಳೋಣ ಎಂದೆವು. “ನಮ್ಮ ರಿಜಿಸ್ಟರ್, ನಮ್ಮ ಹಣ” ಎಂದು ರಾಯರು ಒಪ್ಪಲಿಲ್ಲ.

ಯುಗಾದಿಯಿಂದ ಪ್ರತಿ ಬುಧವಾರ ಒಂದು ಬಟ್ಟೆ ಚೀಲ ಮೂರು ಗ್ರಂಥಾಲಯಗಳ ನಡುವೆ ಓಡಾಡುತ್ತಿದೆ. ಮೊದಲ ವಾರ ಅದರಲ್ಲಿ ನಾಲ್ಕು ಪುಸ್ತಕಗಳಿದ್ದವು, ಕಳೆದ ವಾರ ಇಪ್ಪತ್ತಾರು. ವಿಜಯನಗರದ ಏಳನೆಯ ತರಗತಿಯ ಹುಡುಗಿಯೊಬ್ಬಳು ರಾಯರ ವಾಚನಾಲಯದಿಂದ ಪಕ್ಷಿಗಳ ಪುಸ್ತಕವೊಂದನ್ನು ತರಿಸಿಕೊಂಡಳು; ರಿಜಿಸ್ಟರ್ ಪ್ರಕಾರ ಅದು ಇಪ್ಪತ್ತೆರಡು ವರ್ಷಗಳಿಂದ ಕಪಾಟು ಬಿಟ್ಟು ಇಳಿದಿರಲಿಲ್ಲ. ರಾಯರು ಅದನ್ನು ಒರೆಸಿ, ಹೊಸ ಹೊದಿಕೆ ಹಾಕಿ ಕಳುಹಿಸಿದ್ದರು.

ಗಿರಿನಗರದ ಒಂದು ಗ್ರಂಥಾಲಯದವರೂ ಸೇರುತ್ತೇವೆ ಎಂದಿದ್ದಾರೆ. ಅವರ ಠರಾವಿನ ಪ್ರತಿ ಮೊನ್ನೆ ಬಂತು. ಮೊದಲ ರಿಜಿಸ್ಟರ್ ನನ್ನ ಮೇಜಿನ ಮೇಲಿದೆ. ಮೊದಲ ಪುಟದ ಮೊದಲ ಸಾಲಿನ ಪರಿಗ್ರಹಣ ಸಂಖ್ಯೆ 1. ಅದರ ಹಿಂದೆ ಪೆನ್ಸಿಲಿನಲ್ಲಿ ಜಿಎನ್ ಎಂದು ಬರೆದುಕೊಂಡಿದ್ದೇನೆ.